ಎಣ್ಣೆ ಕಾದರೆ ಕಸರತ್ತು ಹಗುರ

"ಮೊದಲ ಐದು ನಿಮಿಷ ಜಗ್ಗಾಕ ಭಾಳ ಬಿಗಿ ಇತ್ತು, ಆಮ್ಯಾಲ ತಾನ ಸಡ್ಲಾತು ನೋಡ್ರಿ." ಹೈಡ್ರಾಲಿಕ್ ಸಿಲಿಂಡರ್ ಇರುವ ವ್ಯಾಯಾಮದ ಯಂತ್ರ ಬಳಸಿದವರು ಈ ಮಾತನ್ನು ಆಡಿಯೇ ಆಡುತ್ತಾರೆ. ಆಡುವವರ ದನಿಯಲ್ಲಿ ಸಣ್ಣದೊಂದು ಹೆಮ್ಮೆಯೂ ಇರುತ್ತದೆ. ಮೈ ಕಾದಮೇಲೆ ತೋಳಿಗೆ ಬಲ ಬಂತು ಎಂಬ ಎಣಿಕೆ. ಮೈ ಕಾಯುವುದು ಸುಳ್ಳಲ್ಲ. ಆದರೆ ಇಲ್ಲಿ ಸಡಿಲವಾದದ್ದು ಯಂತ್ರ. ಅದರ ಹೊಟ್ಟೆಯೊಳಗಿನ ಎಣ್ಣೆ ಕಾದು ತೆಳುವಾಗಿ, ಮೊದಲಿನಷ್ಟು ತಡೆ ಒಡ್ಡಲಾಗದೆ ಸೋತಿರುತ್ತದೆ. ನೀವು ಆಗಲೂ ಅಷ್ಟೇ ಸಲ ಜಗ್ಗುತ್ತೀರಿ, ಅಷ್ಟೇ ಬೆವರುತ್ತೀರಿ, ಆದರೆ ಮಾಡುವ ಕೆಲಸ ಕಡಿಮೆಯಾಗಿರುತ್ತದೆ.

ಬೆಂಗಳೂರಿನ ಹವೆಯಲ್ಲಿ ಇದು ಸಣ್ಣ ಸಂಗತಿ. ವಿಜಯಪುರ ಜಿಲ್ಲೆಯ ಬೇಸಿಗೆಯಲ್ಲಿ ಸಣ್ಣದಲ್ಲ. ಎಪ್ರಿಲ್–ಮೇ ತಿಂಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲಿಯೇ ಆಗಲಿ, ನೆರಳಿನಲ್ಲೇ 40 ಡಿಗ್ರಿ ದಾಟುವುದು ರೂಢಿ. ನಗರಗಳ ಉದ್ಯಾನಗಳಲ್ಲಿ ಶುರುವಾದ ಬಯಲು ಜಿಮ್ಮಿನ ಹವ್ಯಾಸ ಈಗ ಸಣ್ಣ ಊರುಗಳತ್ತ ಬರುತ್ತಿದೆ. ಒಳ್ಳೆಯದೇ. ಆದರೆ ಎಂಥ ಯಂತ್ರ, ಎಲ್ಲಿ ಕೂಡ್ರಿಸಬೇಕು ಎಂಬ ಪ್ರಶ್ನೆಯನ್ನು ಸೋಲಾಪುರ ಹೆದ್ದಾರಿಯ ಮೇಲಿನ ಝಳಕಿಯಂಥ ಊರಿನ ಬಿಸಿಲಿನಲ್ಲಿ ನಿಂತು ಕೇಳಬೇಕು. ತಂಪು ಕೋಣೆಯಲ್ಲಿ ಕ್ಯಾಟಲಾಗ್ ನೋಡಿ ಆರಿಸಿದರೆ ಆಗದು.

ಝಳಕಿಯವರಿಗೆ ಹೈಡ್ರಾಲಿಕ್ ಎಂದರೇನು ಎಂದು ಪಾಠ ಹೇಳುವ ಅಗತ್ಯವೇನೂ ಇಲ್ಲ. ಇಂಡಿ, ಚಡಚಣ ಕಡೆಯ ಹಳ್ಳಿಗಳ ಟ್ರ್ಯಾಕ್ಟರುಗಳು, ಹೆದ್ದಾರಿಯ ಟಿಪ್ಪರುಗಳು, ಜೆಸಿಬಿಗಳು ಎಲ್ಲವೂ ಎಣ್ಣೆಯ ಒತ್ತಡದಿಂದಲೇ ಭಾರ ಎತ್ತುತ್ತವೆ. ವ್ಯಾಯಾಮದ ಸಿಲಿಂಡರ್ ಅವುಗಳ ನೆಂಟನಾದರೂ ಸ್ವಭಾವ ಬೇರೆ. ಜೆಸಿಬಿಯಲ್ಲಿ ಪಂಪು ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ. ಇಲ್ಲಿ ಪಂಪು ಇಲ್ಲ, ಪಂಪು ನೀವೇ. ನೀವು ಹಿಡಿಕೆ ಜಗ್ಗಿದಾಗ ರಾಡಿನ ತುದಿಯ ಪಿಸ್ಟನ್ ಸಿಲಿಂಡರಿನೊಳಗೆ ಸರಿಯುತ್ತದೆ. ಮುಂದಿರುವ ಎಣ್ಣೆ ಹಿಂದಕ್ಕೆ ಹೋಗಬೇಕು, ಹೋಗಲಿಕ್ಕೆ ಇರುವ ದಾರಿ ಒಂದೆರಡು ಸಣ್ಣ ತೂತು. ಆ ಇಕ್ಕಟ್ಟಿನಲ್ಲಿ ನುಗ್ಗುವಾಗ ಎಣ್ಣೆ ಒಡ್ಡುವ ತಡೆಯೇ ನಿಮ್ಮ ಕೈಗೆ ಭಾರವಾಗಿ ತಾಕುತ್ತದೆ. ಸಿಲಿಂಡರಿನ ತಲೆಯ ಮೇಲಿನ ಬಿರಡೆ ತಿರುಗಿಸಿ ನಂಬರು ಹೆಚ್ಚಿಸಿದರೆ ತೂತು ಕಿರಿದಾಗುತ್ತದೆ, ಅಷ್ಟೇ. ಮೋಟರ್‌ಸೈಕಲ್ಲಿನ ಶಾಕ್ ಅಬ್ಸಾರ್ಬರ್ ಬಿಚ್ಚಿ ನೋಡಿದವರಿಗೆ ಇದರ ಕರುಳು ಪೂರ್ತಿ ಪರಿಚಿತ.

ಈಗ ಮುಖ್ಯ ಪ್ರಶ್ನೆ. ನೀವು ಹಾಕಿದ ಶಕ್ತಿ ಎಲ್ಲಿಗೆ ಹೋಯಿತು?

ಗರಡಿಮನೆಯಿಂದ ಶುರು ಮಾಡೋಣ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆ ನಡೆಯುತ್ತದೆ. ಪೈಲ್ವಾನ ಸಂಗ್ರಾಣಿ ಕಲ್ಲನ್ನು ಎದೆಗೆ ತಂದು ಹೆಗಲಿಗೇರಿಸಿದಾಗ ಅವನ ಶಕ್ತಿ ಕಲ್ಲಿನ ಎತ್ತರದಲ್ಲಿ ಕೂತಿರುತ್ತದೆ. ಕಲ್ಲನ್ನು ಹಿಂದಕ್ಕೆ ಒಗೆದರೆ ಆ ಶಕ್ತಿ ನೆಲಕ್ಕೆ ಸೇರುತ್ತದೆ. ನೆಲ ನಡುಗುವುದನ್ನು ನಿಂತವರ ಪಾದಗಳೇ ಹೇಳುತ್ತವೆ. ಒಗೆಯದೆ ಮೆಲ್ಲಗೆ ಇಳಿಸಿದರೆ ಅದನ್ನು ಅವನ ಸ್ನಾಯುಗಳೇ ಮರಳಿ ನುಂಗಬೇಕು, ಅಲ್ಲೇ ಬಿಸಿಯಾಗಿ ಕಳೆಯಬೇಕು. ಮರುದಿನದ ಮೈಕೈ ನೋವಿಗೆ ಎತ್ತಿದ್ದಕ್ಕಿಂತ ಇಳಿಸಿದ್ದು ಹೆಚ್ಚು ಕಾರಣ ಎಂದು ವ್ಯಾಯಾಮಶಾಸ್ತ್ರ ಹೇಳುತ್ತದೆ. ಕಲ್ಲು ಮಾತ್ರ ಎತ್ತುವ ಮೊದಲು ಎಷ್ಟು ತೂಕವಿತ್ತೋ ಆಮೇಲೂ ಅಷ್ಟೇ. ಬಿಸಿಲಿರಲಿ, ಚಳಿಯಿರಲಿ, ಮಳೆಯಿರಲಿ.

ಹೈಡ್ರಾಲಿಕ್ ಯಂತ್ರದಲ್ಲಿ ಇಳಿಸುವ ಕೆಲಸವೇ ಇಲ್ಲ. ಕೈ ಬಿಟ್ಟರೆ ಹಿಡಿಕೆ ಇದ್ದಲ್ಲೇ ನಿಲ್ಲುತ್ತದೆ. ಹಿಂದಕ್ಕೆ ತರಬೇಕಾದರೆ ಮತ್ತೆ ನೂಕಬೇಕು. ಇದರಿಂದ ಮೈ ನೋವು ಕಡಿಮೆ, ಭಾರ ಮೈಮೇಲೆ ಬೀಳುವ ಭಯವಿಲ್ಲ, ನೀವು ಹಾಕಿದಷ್ಟೇ ಬಲವನ್ನು ಅದು ತಿರುಗಿ ಕೊಡುತ್ತದೆ. ವಯಸ್ಸಾದವರಿಗೆ, ಹೊಸದಾಗಿ ಶುರು ಮಾಡುವವರಿಗೆ ಇದು ನಿಜಕ್ಕೂ ಒಳ್ಳೆಯ ಯಂತ್ರ. ಅಮೆರಿಕದ ಟೆಕ್ಸಾಸ್‌ನಲ್ಲಿ 1992ರಲ್ಲಿ ಶುರುವಾದ ಕರ್ವ್ಸ್ ಎಂಬ ಮಹಿಳೆಯರ ಜಿಮ್ ಬೆಳೆದದ್ದೇ ಇಂಥ ಯಂತ್ರಗಳನ್ನು ಸುತ್ತಲೂ ಜೋಡಿಸಿ, ಅರ್ಧ ತಾಸಿನಲ್ಲಿ ಸರದಿ ಮುಗಿಸುವ ಪದ್ಧತಿಯಿಂದ. ಆದರೆ ಈ ಗುಣಕ್ಕೆ ಒಂದು ಬೆಲೆ ಇದೆ. ನೀವು ಹಾಕಿದ ಶಕ್ತಿ ನೆಲಕ್ಕೂ ಹೋಗಲಿಲ್ಲ, ನಿಮ್ಮ ಮೈಗೂ ಮರಳಲಿಲ್ಲ. ಪ್ರತಿಯೊಂದು ಜಗ್ಗಾಟದ ಪ್ರತಿ ಜೂಲ್ ಶಕ್ತಿಯೂ ಆ ಎಣ್ಣೆಯಲ್ಲಿ ಬಿಸಿಯಾಗಿ ಉಳಿಯಿತು.

ಶಕ್ತಿ ಹೀಗೆ ಬಿಸಿಯಾಗಿ ಉಳಿಯುತ್ತದೆ ಎಂಬುದನ್ನು ಜಗತ್ತು ಕಲಿತದ್ದು ಫಿರಂಗಿಯಿಂದ. ಮ್ಯೂನಿಕ್ ನಗರದ ಶಸ್ತ್ರಾಗಾರದಲ್ಲಿ ಫಿರಂಗಿಯ ನಳಿಗೆ ಕೊರೆಯುವ ಕೆಲಸ ನೋಡಿಕೊಳ್ಳುತ್ತಿದ್ದ ಕೌಂಟ್ ರಮ್‌ಫೋರ್ಡ್, ಮೊಂಡ ಬೈರಿಗೆಯನ್ನು ಕುದುರೆಗಳಿಂದ ತಿರುಗಿಸಿ, ಸುತ್ತ ನೀರು ತುಂಬಿಸಿ ಕಾದು ಕೂತ. ಬೆಂಕಿಯೇ ಇಲ್ಲದೆ ಎರಡೂವರೆ ತಾಸಿನಲ್ಲಿ ನೀರು ಕುದಿಯಿತು. 1798ರಲ್ಲಿ ಅವನ ಬರಹ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಕಟವಾಯಿತು. ಅರ್ಧ ಶತಮಾನದ ನಂತರ ಜೇಮ್ಸ್ ಜೂಲ್ ಇಳಿಯುವ ತೂಕದಿಂದ ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸಿ ಎಷ್ಟು ಕೆಲಸಕ್ಕೆ ಎಷ್ಟು ಬಿಸಿ ಎಂಬ ಲೆಕ್ಕ ಗಟ್ಟಿ ಮಾಡಿದ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4,186 ಜೂಲ್ ಬೇಕು. ಜೂಲ್‌ನ ಆ ಡಬ್ಬಿಯನ್ನೇ ಜಗತ್ತಿನ ಮೊದಲ ಹೈಡ್ರಾಲಿಕ್ ಜಿಮ್ ಎಂದು ಕರೆಯುವ ಆಸೆ ನನಗೆ. ಅದರಲ್ಲಿ ನಡೆದದ್ದು ನಮ್ಮ ಸಿಲಿಂಡರಿನಲ್ಲಿ ನಡೆಯುವುದೇ: ದ್ರವವನ್ನು ಕಲಕುವುದು, ಅದು ಕಾಯುವುದನ್ನು ನೋಡುವುದು. ನೀರು ಬಹಳ ತಾಳ್ಮೆಯ ವಸ್ತು. ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿಯಂಥ ಅಣೆಕಟ್ಟೆಯಲ್ಲಿ ನೀರು 40 ಮೀಟರು ಧುಮುಕಿ, ಆ ಪೆಟ್ಟೆಲ್ಲ ಬಿಸಿಯಾದರೂ ಅದು ಕಾಯುವುದು ಡಿಗ್ರಿಯ ಹತ್ತರಲ್ಲೊಂದು ಪಾಲು ಮಾತ್ರ. ಎಣ್ಣೆಗೆ ಅಷ್ಟು ತಾಳ್ಮೆ ಇಲ್ಲ. ಅಷ್ಟೇ ತೂಕದ ಎಣ್ಣೆ ಅರ್ಧಕ್ಕಿಂತ ಕಡಿಮೆ ಶಕ್ತಿಗೆ ಅಷ್ಟೇ ಕಾಯುತ್ತದೆ.

ಫಿರಂಗಿಯ ಮಾತು ಬಂದಮೇಲೆ ವಿಜಯಪುರದ ಮಲಿಕ್–ಎ–ಮೈದಾನವನ್ನು ದಾಟಿ ಹೋಗಲಾಗದು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪು ಎಂಥ ಬಿಸಿಲಿನಲ್ಲೂ ತಣ್ಣಗಿರುತ್ತದೆ ಎಂದು ಊರವರು ಹೇಳುತ್ತಾರೆ, ಮಾರ್ಗದರ್ಶಿಗಳಂತೂ ಪ್ರವಾಸಿಗರ ಕೈಯನ್ನು ಅದರ ಮೇಲೆ ಇರಿಸಿಯೇ ತೋರಿಸುತ್ತಾರೆ. ಇದರಲ್ಲಿ ಪವಾಡವೂ ಇಲ್ಲ, ಪೂರ್ತಿ ಸುಳ್ಳೂ ಇಲ್ಲ. ಅಷ್ಟು ತಾಮ್ರ–ತವರದ ಮಿಶ್ರಲೋಹವನ್ನು ಒಂದೇ ಒಂದು ಡಿಗ್ರಿ ಏರಿಸಲು ಎರಡು ಕೋಟಿ ಜೂಲ್‌ಗೂ ಹೆಚ್ಚು ಶಕ್ತಿ ಬೇಕು. ನಡುಹಗಲಿನ ಸೂರ್ಯನಿಗೇ ಅದಕ್ಕೆ ತಾಸಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹೀಗಾಗಿ ರಾತ್ರಿಯ ತಂಪನ್ನು ಅದು ಮಧ್ಯಾಹ್ನದವರೆಗೂ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಒಬ್ಬ ಮನುಷ್ಯ 100 ವ್ಯಾಟಿನಂತೆ ಬಿಡುವಿಲ್ಲದೆ ದುಡಿದು ಆ ತೋಪನ್ನು ಒಂದು ಡಿಗ್ರಿ ಕಾಯಿಸಬೇಕೆಂದರೆ ಎರಡು ದಿನ ಎರಡು ರಾತ್ರಿಯೂ ಸಾಲುವುದಿಲ್ಲ.

ವ್ಯಾಯಾಮದ ಸಿಲಿಂಡರಿಗೆ ಇಂಥ ಮೈಕಟ್ಟಿಲ್ಲ. ಮನೆಯಲ್ಲಿ ಇಡುವ ರೋಯಿಂಗ್ ಯಂತ್ರ, ಅಂದರೆ ಹುಟ್ಟು ಹಾಕುವಂತೆ ಜಗ್ಗುವ ಯಂತ್ರ, ಅದನ್ನೇ ತೆಗೆದುಕೊಳ್ಳಿ. ಎಡಕ್ಕೊಂದು ಬಲಕ್ಕೊಂದು ಸಿಲಿಂಡರ್, ಒಂದೊಂದರಲ್ಲೂ 200 ಮಿಲಿಲೀಟರಿನಷ್ಟು ಎಣ್ಣೆ, ಸುತ್ತ ಒಂದೂವರೆ ಕಿಲೋ ಉಕ್ಕು ಎಂದಿಟ್ಟುಕೊಳ್ಳೋಣ. ಎಣ್ಣೆ, ಉಕ್ಕು ಎರಡೂ ಸೇರಿ ಒಂದು ಡಿಗ್ರಿ ಏರಲು ಸಾವಿರ ಜೂಲ್ ಸಾಕು. ಸಾಧಾರಣ ಮನುಷ್ಯ 60 ವ್ಯಾಟಿನಂತೆ ಜಗ್ಗಿದರೆ ಒಂದೊಂದು ಸಿಲಿಂಡರಿಗೆ 30 ವ್ಯಾಟ್. ಲೆಕ್ಕ ಹಾಕಿದರೆ 20 ನಿಮಿಷಕ್ಕೆ ಅದು 28 ಡಿಗ್ರಿಯಷ್ಟು ಏರುತ್ತದೆ. ಸುತ್ತಲ ಗಾಳಿಗೆ ಬಿಟ್ಟುಕೊಟ್ಟ ಬಿಸಿಯನ್ನು ಕಳೆದೇ ಈ ಲೆಕ್ಕ. ಅಲ್ಲಿಗೆ ಒಬ್ಬರ ಕಸರತ್ತು ಮುಗಿಯುತ್ತದೆ.

ಬಯಲು ಜಿಮ್ಮಿನಲ್ಲಿ ಆಗುವುದೇ ಬೇರೆ. ಒಬ್ಬರು ಇಳಿದರೆ ಇನ್ನೊಬ್ಬರು ಏರುತ್ತಾರೆ. ಮನುಷ್ಯ ಬದಲಾದದ್ದು ಸಿಲಿಂಡರಿಗೆ ಗೊತ್ತಾಗುವುದಿಲ್ಲ. ಎರಡು ತಾಸು ಹೀಗೆ ಸರದಿ ನಡೆದರೆ ಅದೇ ಸಿಲಿಂಡರ್ ಸುತ್ತಲ ಗಾಳಿಗಿಂತ 70 ಡಿಗ್ರಿಗೂ ಮೇಲೆ ಏರಬಲ್ಲದು. ಸುತ್ತಲ ಗಾಳಿ 25 ಇದ್ದಾಗ ಅದು 95ರ ಆಚೆ. 40 ಇದ್ದಾಗ 110ರ ಆಚೆ. ನಡುವೆ ಕಾಲು ತಾಸು ವಿರಾಮ ಕೊಟ್ಟರೆ ತಣಿದೀತು ಎನ್ನುವಿರಾ? ಇಷ್ಟು ಸಣ್ಣ ಮೈಯಿಂದ ಬಿಸಿ ಹೊರಗೆ ಹೋಗುವುದೂ ನಿಧಾನವೇ. ಕಾಲು ತಾಸಿನಲ್ಲಿ ಏರಿದ ಬಿಸಿಯ ಕಾಲುಭಾಗ ಇಳಿಯುತ್ತದೆ, ಮುಕ್ಕಾಲು ತಾಸು ಬಿಟ್ಟರೆ ಮೂರರಲ್ಲಿ ಎರಡು ಪಾಲು. ಲೋಹ 55 ಡಿಗ್ರಿಗೆ ಏರಿದರೆ ಹತ್ತು ಸೆಕೆಂಡು ಹಿಡಿದವರ ಚರ್ಮ ಸುಡಬಹುದು. ಮಕ್ಕಳು ಯಂತ್ರವನ್ನು ಜೋಕಾಲಿ ಮಾಡಿಕೊಳ್ಳುವ ಜಾಗದಲ್ಲಿ ಸಿಲಿಂಡರಿಗೆ ಜಾಳಿಗೆಯ ಮುಸುಕು ಇರಲೇಬೇಕು ಎನ್ನುವುದಕ್ಕೆ ಇಷ್ಟು ಲೆಕ್ಕ ಸಾಕು.

ಇನ್ನು ಎಣ್ಣೆಯ ಮಾತು. ಹೆದ್ದಾರಿಯ ಬದಿಯ ಮೆಕ್ಯಾನಿಕ್ಕುಗಳು "68 ನಂಬರ್ ಆಯಿಲ್" ಎನ್ನುತ್ತಾರಲ್ಲ, ಆ ನಂಬರು ಎಣ್ಣೆಯ ಮಂದತನದ ಅಳತೆ. ಅದನ್ನು ಅಳೆಯುವುದು 40 ಡಿಗ್ರಿ ಉಷ್ಣತೆಯಲ್ಲಿ. ಅಂದರೆ ಪ್ರಯೋಗಾಲಯದಲ್ಲಿ ಎಣ್ಣೆಯನ್ನು ಕಾಯಿಸಿ ಮುಟ್ಟಿಸುವ ಮಟ್ಟ ಝಳಕಿಯಲ್ಲಿ ಮೇ ತಿಂಗಳ ನೆರಳಿಗೇ ಬಂದಿರುತ್ತದೆ! ಡಬ್ಬಿಯ ಮೇಲೆ ಬರೆದ ಮಂದತನ ಇಲ್ಲಿ ಕಸರತ್ತು ಶುರು ಮಾಡುವ ಮೊದಲಿನದು. ಅಲ್ಲಿಂದ ಮುಂದೆ ಇಳಿಜಾರೇ. 40ರಲ್ಲಿ 68 ಇದ್ದದ್ದು 100 ಡಿಗ್ರಿಯಲ್ಲಿ 9ಕ್ಕಿಂತ ಕೆಳಗೆ ಬರುತ್ತದೆ. 32 ನಂಬರಿನ ತೆಳು ಎಣ್ಣೆ ಐದೂವರೆಯ ಆಸುಪಾಸಿಗೆ ಇಳಿಯುತ್ತದೆ. ಹೆಚ್ಚು ಕಡಿಮೆ ಆರರಿಂದ ಎಂಟು ಪಟ್ಟು ತೆಳು.

ಹಾಗೆಂದು ತಡೆಯೂ ಎಂಟು ಪಟ್ಟು ಇಳಿಯುತ್ತದೆಯೇ? ಅದು ಸಿಲಿಂಡರ್ ಮಾಡಿದವನ ಜಾಣತನಕ್ಕೆ ಬಿಟ್ಟದ್ದು, ಮತ್ತು ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ಭಾಗ ಇದೇ. ಎಣ್ಣೆ ಹೋಗುವ ದಾರಿ ಉದ್ದನೆಯ ಸಣ್ಣ ಕೊಳವೆಯಂತಿದ್ದರೆ, ಇಲ್ಲವೇ ಪಿಸ್ಟನ್ನು–ಗೋಡೆಗಳ ನಡುವಿನ ಸಂದಿನಲ್ಲಿ ಸೋರಿ ಹೋಗುವಂತಿದ್ದರೆ, ತಡೆಯೆಲ್ಲ ಎಣ್ಣೆಯ ಮಂದತನದ ಮೇಲೆಯೇ ನಿಂತಿರುತ್ತದೆ. ಎಣ್ಣೆ ಕಾದಂತೆ ಯಂತ್ರ ಸಡಿಲ. ಅದೇ ದಾರಿ ತೆಳು ತಗಡಿನಲ್ಲಿ ಚೂಪು ಅಂಚಿನಿಂದ ಕೊರೆದ ಗಿಡ್ಡ ತೂತಾಗಿದ್ದರೆ ಲೆಕ್ಕ ಬೇರೆ. ಎಣ್ಣೆ ಅಲ್ಲಿ ರಭಸದಿಂದ ಚಿಮ್ಮಿ ಸುಳಿಯಾಗಿ ಒಡೆಯುತ್ತದೆ. ಆಗ ತಡೆಯನ್ನು ನಿರ್ಧರಿಸುವುದು ಮುಖ್ಯವಾಗಿ ಎಣ್ಣೆಯ ಸಾಂದ್ರತೆ ಮತ್ತು ನೀವು ಜಗ್ಗುವ ವೇಗ. ಸಾಂದ್ರತೆ 60 ಡಿಗ್ರಿ ಏರಿದರೂ ನೂರಕ್ಕೆ ನಾಲ್ಕರಷ್ಟು ಇಳಿದರೆ ಹೆಚ್ಚು. ಹೊರಗಿನಿಂದ ಎರಡೂ ಸಿಲಿಂಡರ್ ಒಂದೇ ತರಹ ಕಾಣುತ್ತವೆ, ಬಣ್ಣವೂ ಒಂದೇ. ಒಂದು ಇಪ್ಪತ್ತು ನಿಮಿಷಕ್ಕೆ ಕೈಬಿಡುತ್ತದೆ, ಇನ್ನೊಂದು ತಾಸುಗಟ್ಟಲೆ ನಿಲ್ಲುತ್ತದೆ. ಕೊಳ್ಳುವ ಮುನ್ನ ಇಪ್ಪತ್ತು ನಿಮಿಷ ನಿಲ್ಲದೆ ಜಗ್ಗಿ ನೋಡಿ ಎನ್ನುವುದು ಇದಕ್ಕೇ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಸಡಿಲಾಗುವುದು ದಿನದ ತೊಂದರೆ. ಸೋರುವುದು ವರ್ಷದ ತೊಂದರೆ. ಎಣ್ಣೆ ಕಾದಂತೆ ಹಿಗ್ಗುತ್ತದೆ, ಹತ್ತು ಡಿಗ್ರಿಗೆ ನೂರಕ್ಕೆ ಮುಕ್ಕಾಲು ಪಾಲಿನಷ್ಟು. ಉಕ್ಕು ಅಷ್ಟು ಹಿಗ್ಗುವುದಿಲ್ಲ. ಸಿಲಿಂಡರಿನಲ್ಲಿ ಬಿಡುವಿನ ಜಾಗ ಇಟ್ಟಿಲ್ಲದಿದ್ದರೆ ಆ ಹೆಚ್ಚುವರಿ ಎಣ್ಣೆ ದಾರಿ ಹುಡುಕುತ್ತದೆ, ಸಿಗುವ ದಾರಿ ರಾಡಿನ ಸುತ್ತಲ ಆಯಿಲ್ ಸೀಲ್. ಸಾಮಾನ್ಯ ಸೀಲುಗಳು ನೈಟ್ರೈಲ್ ರಬ್ಬರಿನವು. ಸುಮಾರು 100 ಡಿಗ್ರಿಯವರೆಗೆ ಅವು ಬಾಳುತ್ತವೆ, ಆ ಗಡಿಯ ಹತ್ತಿರ ದಿನಗಟ್ಟಲೆ ಬೇಯಿಸಿದರೆ ಗಡಸಾಗಿ ಬಿರುಕು ಬಿಡುತ್ತವೆ. ಒಮ್ಮೆ ಎಣ್ಣೆ ಜಿನುಗತೊಡಗಿತೆಂದರೆ ಅದರ ಜಾಗಕ್ಕೆ ಗಾಳಿ ಬರುತ್ತದೆ. ಗಾಳಿ ಬೆರೆತ ಎಣ್ಣೆ ನೊರೆಯಾಗುತ್ತದೆ. ಜಗ್ಗಿದರೆ ಮೊದಲು ಪೊಳ್ಳು, ಆಮೇಲೆ ಒಮ್ಮೆಲೇ ಬಿಗಿ. ಇದರ ಜತೆಗೆ ನಮ್ಮ ದೂಳು. ಜಿನುಗಿದ ಎಣ್ಣೆಯ ಮೇಲೆ ಕರಿಮಣ್ಣಿನ ದೂಳು ಕೂತು ಅರದಂತೆ ಕೆಲಸ ಮಾಡುತ್ತದೆ, ಪ್ರತಿ ಎಳೆತಕ್ಕೂ ಸೀಲನ್ನು ಸವೆಸುತ್ತದೆ. ಬಯಲಿನಲ್ಲಿ ನಿಂತ ಯಂತ್ರ ಒಂದೆರಡು ಬೇಸಿಗೆಗೇ ಸತ್ತರೆ ಅದರ ಕಥೆ ಬಹುಪಾಲು ಹೀಗೇ ಇರುತ್ತದೆ.

ಹಾಗಾದರೆ ತಂಪಾಗಿಡುವುದು ಹೇಗೆ? ಮೊದಲು ಬಿಸಿಲು. ನೆಟ್ಟನೆಯ ಬಿಸಿಲು ಒಂದು ಚದರ ಮೀಟರಿಗೆ 900ರಿಂದ 1,000 ವ್ಯಾಟ್ ಸುರಿಯುತ್ತದೆ. ನಾಲ್ಕು ಸೆಂಟಿಮೀಟರ್ ದಪ್ಪ, ಒಂದು ಅಡಿ ಉದ್ದದ ಕಪ್ಪು ಸಿಲಿಂಡರ್ ಅದರಲ್ಲಿ ಹತ್ತು ವ್ಯಾಟಿನಷ್ಟು ಹೀರಿಕೊಂಡು, ಯಾರೂ ಮುಟ್ಟದೆಯೇ 25 ಡಿಗ್ರಿ ಮೇಲೇರಿ ಕೂತಿರುತ್ತದೆ. ಬಿಳಿ ಬಣ್ಣ ಬಳಿದರೆ ಈ ಏರಿಕೆ ಏಳೆಂಟು ಡಿಗ್ರಿಗೆ ಇಳಿಯುತ್ತದೆ. ನೆರಳಿದ್ದರೆ ಅದೂ ಇಲ್ಲ. ಫಳಫಳ ಹೊಳೆಯುವ ಕ್ರೋಮ್ ತಂಪಾಗಿರುತ್ತದೆ ಎಂದು ಭಾವಿಸುವವರಿದ್ದಾರೆ. ಅದು ಉಲ್ಟಾ. ಹೊಳೆಯುವ ಲೋಹ ಬಿಸಿಯನ್ನು ಹೊರಸೂಸುವುದರಲ್ಲಿ ಬಲು ಜಿಪುಣ. ಗಾಳಿ ಇಲ್ಲದ ಕೋಣೆಯಲ್ಲಿ ಸಿಲಿಂಡರ್ ತಣಿಯುವುದರಲ್ಲಿ ಅರ್ಧದಷ್ಟು ಪಾಲು ಹೀಗೆ ಸೂಸಿ ಹೋಗುವ ಬಿಸಿಯದು. ಬಣ್ಣ ಬಳಿದದ್ದು, ಅದು ಕಪ್ಪಾಗಲಿ ಬಿಳಿಯಾಗಲಿ, ಸೂಸುವುದರಲ್ಲಿ ಧಾರಾಳ. ಆದ್ದರಿಂದ ಕೋಣೆಯೊಳಗೆ ಯಾವ ಬಣ್ಣವಾದರೂ ನಡೆದೀತು, ಬಯಲಲ್ಲಿ ಬಿಳಿ, ಎಲ್ಲಿಯೂ ಕ್ರೋಮ್ ಬೇಡ. ರಾಡಿಗೆ ಮಾತ್ರ ಕ್ರೋಮ್ ಬೇಕೇ ಬೇಕು, ಅದು ಸೀಲು ಸವೆಯದಿರಲಿಕ್ಕೆ.

ಎರಡನೆಯದು ಗಾಳಿ. ಸುಮ್ಮನೆ ನಿಂತ ಗಾಳಿಯಲ್ಲಿ ಆ ಗಾಳಿಗಿಂತ 79 ಡಿಗ್ರಿಯವರೆಗೂ ಮೇಲೇರಬಲ್ಲ ಸಿಲಿಂಡರ್, ಫ್ಯಾನಿನ ನೇರ ಗಾಳಿಗೆ 26 ಡಿಗ್ರಿ ಏರಿಕೆಯ ಆಸುಪಾಸಿನಲ್ಲಿ ನಿಲ್ಲುತ್ತದೆ ಎಂದು ಅದೇ ಲೆಕ್ಕ ಹೇಳುತ್ತದೆ. ಮನೆಯಲ್ಲಿ ಯಂತ್ರ ಇಟ್ಟುಕೊಂಡವರು ಟೇಬಲ್ ಫ್ಯಾನನ್ನು ತಮ್ಮ ಮುಖಕ್ಕೆ ತಿರುಗಿಸಿಕೊಳ್ಳುವುದು ಸಹಜ. ಅರ್ಧ ಗಾಳಿಯನ್ನಾದರೂ ಸಿಲಿಂಡರಿಗೆ ಬಿಡಿ. ಮೂರನೆಯದು ಗಾತ್ರ. ಸಿಲಿಂಡರಿನ ದಪ್ಪ ಎರಡು ಪಟ್ಟಾದರೆ ಬಿಸಿ ಬಿಡುವ ಮೈ ಎರಡು ಪಟ್ಟು, ಏರಿಕೆ ಅರ್ಧ. ಅಲ್ಯೂಮಿನಿಯಮ್ ರೆಕ್ಕೆಗಳನ್ನು ಎರಕ ಹೊಯ್ದರೆ ಇನ್ನೂ ಒಳ್ಳೆಯದು. ಬೈಕಿನ ಎಂಜಿನ್ನಿಗೆ ಆ ರೆಕ್ಕೆಗಳನ್ನು ಚೆಂದಕ್ಕಾಗಿ ಇಟ್ಟಿಲ್ಲ.

ಒದ್ದೆ ಅರಿವೆಯ ಉಪಾಯವೂ ಒಂದುಂಟು. ಹೊಲಕ್ಕೆ ಒಯ್ಯುವ ತತ್ರಾಣಿಯ ಮಣ್ಣಿನ ಮೈ ಒಸರಿ ಆರಿ ನೀರನ್ನು ತಂಪಾಗಿಸುವಂತೆ, ಸಿಲಿಂಡರಿಗೆ ಸುತ್ತಿದ ಒದ್ದೆ ಬಟ್ಟೆಯೂ ಒಣಗುತ್ತ ಬಿಸಿಯನ್ನು ಹೊತ್ತೊಯ್ಯುತ್ತದೆ. ನಮ್ಮ ಒಣ ಹವೆಗೆ ಇದು ಚೆನ್ನಾಗಿ ಒದಗುತ್ತದೆ. ಮಂಗಳೂರಿನ ಜಿಗುಟು ಹವೆಯಲ್ಲಿ ಇಷ್ಟು ಫಲ ಇಲ್ಲ. ಆದರೆ ಬಟ್ಟೆ ಸಿಲಿಂಡರಿನ ಮೈಗಷ್ಟೇ ಇರಲಿ, ಒಳಗೆ ಹೊರಗೆ ಓಡಾಡುವ ರಾಡಿಗೆ ನೀರು ತಾಗಬಾರದು. ತಾಗಿದರೆ ತುಕ್ಕು, ತುಕ್ಕು ಹಿಡಿದ ರಾಡು ಸೀಲನ್ನು ಕೊಯ್ಯುತ್ತದೆ.

ಇಷ್ಟೆಲ್ಲ ಸರ್ಕಸ್ಸು ಬೇಡವೆಂದರೆ ದ್ರವವನ್ನೇ ಹೆಚ್ಚಿಸಬಹುದು. ನೀರು ತುಂಬಿದ ಪಿಪಾಯಿಯೊಳಗೆ ರೆಕ್ಕೆ ತಿರುಗಿಸುವ ರೋಯಿಂಗ್ ಯಂತ್ರಗಳಿವೆ. ಅವುಗಳಲ್ಲಿ 17 ಲೀಟರಿನಷ್ಟು ನೀರಿರುತ್ತದೆ. ಗಟ್ಟಿ ಆಳೊಬ್ಬ ಪೂರ್ತಿ ಒಂದು ತಾಸು 100 ವ್ಯಾಟಿನಂತೆ ಜಗ್ಗಿದರೂ ಆ ನೀರು ಏರುವುದು ಐದು ಡಿಗ್ರಿ. ನೀರಿನ ಮಂದತನ ಅಷ್ಟಕ್ಕೆ ಬದಲಾದರೂ ಕೈಗೆ ತಿಳಿಯುವುದಿಲ್ಲ. ಹಡಗಿನ ಎಂಜಿನ್ನುಗಳ ಬಲ ಅಳೆಯಲು ವಿಲಿಯಂ ಫ್ರೂಡ್ 1877ರಲ್ಲಿ ಮಾಡಿದ ನೀರಿನ ಬ್ರೇಕು ಇದರ ಹಿರಿಯಜ್ಜ. ಅಂಥ ಬ್ರೇಕಿನಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಕಾದದ್ದು ಹೊರಗೆ, ತಣ್ಣಗಿನದು ಒಳಗೆ. ಸಾವಿರಾರು ಅಶ್ವಶಕ್ತಿಯನ್ನು ಹಾಗೆ ನುಂಗಬಹುದು.

ನಮ್ಮ ಜಿಲ್ಲೆಯಲ್ಲಿ ಈ ಬಿಸಿಯ ಲೆಕ್ಕ ಎಲ್ಲರಿಗಿಂತ ಹೆಚ್ಚು ಬೇಕಾದವರು ಸೈಕಲ್ ಪಟುಗಳು. ವಿಜಯಪುರ ಸೈಕ್ಲಿಂಗಿಗೆ ಹೆಸರಾದ ನೆಲ. ಸೈಕ್ಲಿಂಗಿಗೆಂದೇ ಕ್ರೀಡಾ ವಸತಿ ನಿಲಯ ಇರುವ ಊರು. ಸೈಕಲ್ಲನ್ನು ಒಂದೆಡೆ ನಿಲ್ಲಿಸಿ ಹಿಂದಿನ ಗಾಲಿಯನ್ನು ರೋಲರಿಗೆ ತಾಗಿಸಿ ತುಳಿಯುವ ಟ್ರೇನರ್‌ಗಳಲ್ಲಿ ಒಂದು ಜಾತಿ ಎಣ್ಣೆಯದು. ರೋಲರಿನ ದಂಡಕ್ಕೆ ಜೋಡಿಸಿದ ರೆಕ್ಕೆ ಮುಚ್ಚಿದ ಗೂಡಿನಲ್ಲಿ ಎಣ್ಣೆಯನ್ನು ಕಡೆಯುತ್ತದೆ. ಪಳಗಿದ ಸವಾರ 200–250 ವ್ಯಾಟಿನಂತೆ ತಾಸುಗಟ್ಟಲೆ ತುಳಿಯುತ್ತಾನೆ, ಅದಷ್ಟೂ ಮುಷ್ಟಿಯಷ್ಟು ದೊಡ್ಡ ಗೂಡಿಗೆ. ಅದಕ್ಕೇ ಅದರ ಮೈತುಂಬ ರೆಕ್ಕೆಗಳು, ಒಳಗೆ ಸಿಲಿಕೋನ್ ಎಣ್ಣೆ. 40ರಿಂದ 100 ಡಿಗ್ರಿಗೆ ಏರುವಾಗ ಖನಿಜ ಎಣ್ಣೆ ಎಂಟನೇ ಒಂದಕ್ಕೆ ತೆಳುವಾದರೆ, ಸಿಲಿಕೋನ್ ಎಣ್ಣೆ ಐದರಲ್ಲಿ ಎರಡು ಪಾಲು ಮಂದತನ ಉಳಿಸಿಕೊಳ್ಳುತ್ತದೆ. ಬೆಲೆ ಹೆಚ್ಚು, ಆದರೆ ಕೊಟ್ಟದ್ದಕ್ಕೆ ಮೋಸವಿಲ್ಲ. ಇಷ್ಟಾದರೂ ಮೊದಲ ಹತ್ತು–ಹದಿನೈದು ನಿಮಿಷ ತಡೆ ಇಳಿಯುತ್ತಲೇ ಹೋಗಿ ಆಮೇಲೆ ಸ್ಥಿರವಾಗುತ್ತದೆ. ತಣ್ಣನೆಯ ಟ್ರೇನರಿನ ಮೇಲೆ ಮೊದಲ ಹುಡುಗನನ್ನೂ ಕಾದ ಟ್ರೇನರಿನ ಮೇಲೆ ಐದನೆಯವನನ್ನೂ ಪರೀಕ್ಷೆ ಮಾಡಿ ಐದನೆಯವನೇ ಮೇಲು ಎಂದು ತೀರ್ಮಾನಿಸಿದರೆ, ಗೆದ್ದದ್ದು ಎಣ್ಣೆ. ತರಬೇತುದಾರರು ಯಂತ್ರಕ್ಕೂ ಮೊದಲು ಮೈ ಕಾಯಿಸಬೇಕು, ಎಲ್ಲರಿಗೂ ಒಂದೇ ಕಾವಿನಲ್ಲಿ ಅಳತೆ ತೆಗೆಯಬೇಕು.

ಯಂತ್ರದ ಗೊಡವೆಯಲ್ಲಿ ಮನುಷ್ಯನನ್ನು ಮರೆಯಬಾರದು. ನಮ್ಮ ಸ್ನಾಯುಗಳು ತಿಂದ ಶಕ್ತಿಯ ಕಾಲುಭಾಗಕ್ಕಿಂತ ಹೆಚ್ಚನ್ನು ಕೆಲಸವಾಗಿ ಕೊಡುವುದು ಅಪರೂಪ. ಯಂತ್ರಕ್ಕೆ 100 ವ್ಯಾಟ್ ಕೊಟ್ಟವರ ಮೈಯಲ್ಲಿ 300ರಿಂದ 400 ವ್ಯಾಟ್ ಬಿಸಿ ಹುಟ್ಟುತ್ತದೆ. ಗಾಳಿ 40 ಡಿಗ್ರಿ ಇದ್ದಾಗ ಅದು ಮೈಗಿಂತ ಬಿಸಿ, ಹಾಗಾಗಿ ಮೈ ಗಾಳಿಗೆ ಬಿಸಿಯನ್ನು ಬಿಟ್ಟುಕೊಡಲಾರದು. ಉಳಿದ ದಾರಿ ಬೆವರು ಒಂದೇ. ತಾಸಿನ ಕಸರತ್ತಿಗೆ ಕಡಿಮೆಯೆಂದರೂ ಅರ್ಧ ಲೀಟರ್ ಬೆವರು ಮೈಮೇಲೆ ಆರಬೇಕು. ಕೆಳಗೆ ತೊಟ್ಟಿಕ್ಕಿದ ಬೆವರಿನಿಂದ ಏನೂ ಲಾಭವಿಲ್ಲ. ನಮ್ಮ ಒಣ ಗಾಳಿಯಲ್ಲಿ ಬೆವರು ಕಾಣದಂತೆಯೇ ಆರಿಹೋಗುವುದರಿಂದ ಎಷ್ಟು ನೀರು ಕಳೆದೆವೆಂಬುದು ಗೊತ್ತಾಗುವುದಿಲ್ಲ. ತಲೆಸುತ್ತು, ವಾಕರಿಕೆ ಬಂದ ಮೇಲೆ ಲಿಂಬೆ ಶರಬತ್ತು ಹುಡುಕುವುದು ತಡವಾದ ಕೆಲಸ. ಶುರು ಮಾಡುವ ಮೊದಲೇ ಕುಡಿಯಿರಿ. ಲಿಂಬೆಗೆ ಇಂಡಿ ತಾಲ್ಲೂಕಿನಲ್ಲಿ ಬರವೇನಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಈ ಸೀಮೆಯಲ್ಲಿ ಬಯಲಿಗೆ ಹೈಡ್ರಾಲಿಕ್ ಯಂತ್ರ ತಕ್ಕದ್ದಲ್ಲ. ಮೈಭಾರವನ್ನೇ ಎತ್ತಿ ಇಳಿಸುವ, ಬೇರಿಂಗಿನ ಮೇಲೆ ಆಡುವ ಯಂತ್ರಗಳು ಬಿಸಿಲಿಗೆ ಹೆದರುವುದಿಲ್ಲ. ವರ್ಷಕ್ಕೊಮ್ಮೆ ಗ್ರೀಸ್ ಹಚ್ಚಿದರೆ ನಡೆಯುತ್ತವೆ. ದಂಡ ಹೊಡೆಯಲು, ಬೈಠಕ್ ತೆಗೆಯಲು ಸಾಪಾದ ಕಟ್ಟೆ, ಜೋತುಬೀಳಲು ಒಂದು ಅಡ್ಡಪಟ್ಟಿ ಇದ್ದರೆ ಅರ್ಧ ಜಿಮ್ ಮುಗಿಯಿತು. ಹೈಡ್ರಾಲಿಕ್ ಬೇಕೆಂದರೆ, ವಯಸ್ಸಾದವರಿಗಾಗಿ ಬೇಕೂ ಹೌದು, ಅದನ್ನು ಮಾಡಿನ ಕೆಳಗೆ, ಗಾಳಿಯಾಡುವ ಕೋಣೆಯಲ್ಲಿ ಕೂಡ್ರಿಸಲಿ.

ಪಂಚಾಯಿತಿ, ಪುರಸಭೆಯವರು ಟೆಂಡರ್ ಕರೆಯುವಾಗ ಯಂತ್ರ ಎಷ್ಟು, ಬಣ್ಣ ಯಾವುದು ಎಂದಷ್ಟೇ ಬರೆಯದೆ ನಾಲ್ಕು ಸಾಲು ಹೆಚ್ಚು ಬರೆಯಲಿ: 45 ಡಿಗ್ರಿ ಗಾಳಿಯಲ್ಲಿ ಅರ್ಧ ತಾಸು ಸತತ ಬಳಸಿದಾಗ ತಡೆ ಎಷ್ಟು ಉಳಿಯುತ್ತದೆ, ಸಿಲಿಂಡರಿನ ಮೈ ಎಷ್ಟು ಕಾಯುತ್ತದೆ, ಸೀಲು ಯಾವ ರಬ್ಬರಿನದು, ಸೋರಿದರೆ ಬದಲಿಸುವವರು ಯಾರು. ಇವಕ್ಕೆ ಉತ್ತರ ಕೊಡದವರ ಯಂತ್ರ ಕೊಳ್ಳುವುದು ಬೇಡ. ಈಗಾಗಲೇ ಯಂತ್ರ ಇರುವ ಊರಿನವರು ಬೇಸಿಗೆಯಲ್ಲಿ ಮುಂಜಾನೆ ಎಂಟರೊಳಗೆ ಕಸರತ್ತು ಮುಗಿಸಿ, ಸಿಲಿಂಡರನ್ನು ಬರಿಗೈಯಲ್ಲಿ ಮುಟ್ಟಬೇಡಿ, ರಾಡಿನ ಬುಡದಲ್ಲಿ ಎಣ್ಣೆಯ ಪಸೆ ಕಂಡ ದಿನವೇ ಪಂಚಾಯಿತಿಗೆ ತಿಳಿಸಿ. ಆಗ ಬದಲಿಸಬೇಕಾದದ್ದು ಸೀಲು ಮಾತ್ರ. ತಿಂಗಳು ಬಿಟ್ಟರೆ ಇಡೀ ಸಿಲಿಂಡರ್.